ಕೂರಿಗೆಯ ಸೂಚನಾ ದೀಪಗಳು: ಸಣ್ಣ ನಿಯಂತ್ರಕದಿಂದ ಬೆಳಗಿಸುವ ಸರಿಯಾದ ಕ್ರಮ

ಹಿಂಗಾರಿನಲ್ಲಿ ಎರೆ ಭೂಮಿಯಲ್ಲಿ ಕಡಲೆ ಬಿತ್ತನೆಗೆ ಸಿಗುವ ಹದ ಕೆಲವೇ ದಿನಗಳದು. ಮಳೆ ನಿಂತ ಮೇಲೆ ಮೇಲ್ಮಣ್ಣಿನ ಹಸಿ ದಿನದಿಂದ ದಿನಕ್ಕೆ ಕೆಳಕ್ಕೆ ಇಳಿಯುತ್ತದೆ. ಈ ಅವಧಿಯಲ್ಲಿ ಬಿದ್ದ ಬೀಜ ಮೊಳೆಯುತ್ತದೆ. ಬೀಳದೆ ಹೋದ ಸಾಲನ್ನು ಹತ್ತು ದಿನಗಳ ನಂತರ ತುಂಬಲು ಹೋದರೆ ಅಲ್ಲಿ ಹಸಿ ಇರುವುದಿಲ್ಲ. ಆದುದರಿಂದ ಬಿತ್ತನೆಯ ವೇಳೆಯಲ್ಲಿ ಕೂರಿಗೆಯ ಒಂದು ತಾಳು ಕಟ್ಟಿಕೊಂಡರೆ ಅದು ಆ ಕ್ಷಣದಲ್ಲಿಯೇ ತಿಳಿಯಬೇಕು.

ಎತ್ತಿನ ಕೂರಿಗೆಯಲ್ಲಿ ಈ ತೊಂದರೆ ಅಷ್ಟಾಗಿ ಇರಲಿಲ್ಲ. ಬೀಜ ಬಿಡುವವರು ಕೂರಿಗೆಯ ಹಿಂದೆಯೇ ನಡೆಯುತ್ತಿದ್ದರು. ಬಿದಿರಿನ ಕೊಳವೆಯಲ್ಲಿ ಕಾಳು ಇಳಿಯುವ ಸದ್ದು ನಿಂತರೆ ಅವರಿಗೆ ಗೊತ್ತಾಗುತ್ತಿತ್ತು. ಟ್ರ್ಯಾಕ್ಟರ್ ಕೂರಿಗೆಯಲ್ಲಿ ಚಾಲಕ ಮುಂದೆ ನೋಡುತ್ತಾನೆ. ಎಂಜಿನ್ನಿನ ಸದ್ದಿನಲ್ಲಿ ಕಾಳಿನ ಸದ್ದು ಕೇಳಿಸುವುದಿಲ್ಲ. ಹಸಿ ಎರೆಮಣ್ಣು ತಾಳಿನ ಬಾಯಿಗೆ ಮೆತ್ತಿಕೊಂಡರೂ ಉಳಿದ ಸಾಲುಗಳಲ್ಲಿ ಕೆಲಸ ನಡೆಯುತ್ತಲೇ ಇರುತ್ತದೆ. ಇದಕ್ಕಾಗಿ ಕೆಲವು ರೈತರು, ವಿಶೇಷವಾಗಿ ಮನೆಯಲ್ಲಿ ಓದಿದ ಹುಡುಗರಿರುವವರು, ಪ್ರತಿಯೊಂದು ತಾಳಿಗೂ ಒಂದು ಸೂಚನಾ ದೀಪವನ್ನು ಚಾಲಕನ ಮುಂದೆ ಕೂಡಿಸುವ ಉಪಕರಣವನ್ನು ತಾವೇ ತಯಾರಿಸಬಹುದು. ಆದರೆ ಇಂತಹ ಉಪಕರಣದಲ್ಲಿ ದೀಪ ಬೆಳಗಿಸುವ ಭಾಗವೇ ಹೆಚ್ಚಾಗಿ ತಪ್ಪುತ್ತದೆ. ಆ ಭಾಗವನ್ನು ಇಲ್ಲಿ ವಿವರಿಸಲಾಗಿದೆ.

ಒಂದು ತಾಳು ಕಟ್ಟಿದರೆ ಆಗುವ ನಷ್ಟ

30 ಸೆಂ.ಮೀ. ಅಂತರದ ಆರು ತಾಳಿನ ಕೂರಿಗೆ ಒಂದು ಸಲಕ್ಕೆ 1.8 ಮೀಟರ್ ಅಗಲ ಬಿತ್ತುತ್ತದೆ. ಒಂದು ಎಕರೆಗೆ, ಅಂದರೆ ಸುಮಾರು 4,047 ಚದರ ಮೀಟರಿಗೆ, ಅದು 2,250 ಮೀಟರ್ ದೂರ ಸಾಗಬೇಕು. ಗಿಡದಿಂದ ಗಿಡಕ್ಕೆ 10 ಸೆಂ.ಮೀ. ಅಂತರವಿದ್ದರೆ ಸಾಲಿನ ಪ್ರತಿ ಮೀಟರಿಗೆ 10 ಗಿಡ. ಒಂದೇ ತಾಳು ಎಕರೆಯುದ್ದಕ್ಕೂ ಕಟ್ಟಿದ್ದರೆ ಸುಮಾರು 22,500 ಗಿಡಗಳು ಇಲ್ಲವಾಗುತ್ತವೆ. ಇದು ಒಟ್ಟು ಗಿಡಗಳ ಆರನೇ ಒಂದು ಭಾಗ. ಗೊಬ್ಬರ, ಬಾಡಿಗೆ, ಕಳೆ ತೆಗೆಯುವ ಕೂಲಿ ಯಾವುದೂ ಆರನೇ ಒಂದು ಭಾಗದಷ್ಟು ಕಡಮೆಯಾಗುವುದಿಲ್ಲ. ಮೇಲಾಗಿ ಖಾಲಿ ಸಾಲಿನಲ್ಲಿ ಕಳೆ ಮೊದಲು ಏಳುತ್ತದೆ.

ಟ್ರ್ಯಾಕ್ಟರ್ ಗಂಟೆಗೆ 4 ಕಿ.ಮೀ. ವೇಗದಲ್ಲಿ ನಡೆದರೆ ಸೆಕೆಂಡಿಗೆ ಸುಮಾರು 1.1 ಮೀಟರ್ ಸಾಗುತ್ತದೆ. ಒಂದು ನಿಮಿಷ ತಡವಾಗಿ ಗೊತ್ತಾದರೆ 67 ಮೀಟರ್ ಸಾಲು ಖಾಲಿ. ಎರಡು ಸೆಕೆಂಡಿನಲ್ಲಿ ಗೊತ್ತಾದರೆ ಎರಡು ಮೀಟರಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಸೂಚನಾ ದೀಪದ ಪ್ರಯೋಜನ ಈ ವ್ಯತ್ಯಾಸದಲ್ಲಿದೆ.

ಉಪಕರಣದ ಭಾಗಗಳು

ಪ್ರತಿಯೊಂದು ಬೀಜದ ಕೊಳವೆಗೆ ಎದುರುಬದುರಾಗಿ ಎರಡು ರಂಧ್ರ ಕೊರೆದು, ಒಂದು ಕಡೆ ಕಣ್ಣಿಗೆ ಕಾಣದ ಅತಿಕೆಂಪು ಬೆಳಕು ಬೀರುವ ಎಲ್‌ಇಡಿಯನ್ನೂ ಇನ್ನೊಂದು ಕಡೆ ಆ ಬೆಳಕನ್ನು ಗ್ರಹಿಸುವ ಬಿಡಿಭಾಗವನ್ನೂ ಕೂಡಿಸಲಾಗುತ್ತದೆ. ಕಾಳು ನಡುವೆ ಬಿದ್ದಾಗ ಬೆಳಕು ಕ್ಷಣಕಾಲ ಕತ್ತರಿಸುತ್ತದೆ. ಈ ಏರಿಳಿತವನ್ನು ಎಣಿಸುವ ಕೆಲಸ ನಿಯಂತ್ರಕದ್ದು. ಆರ್ಡುಯಿನೊ ಊನೊ ಎಂಬ ಸಣ್ಣ ಹಲಗೆ ಇದಕ್ಕೆ ಸಾಕು. ಇದು 5 ವೋಲ್ಟಿನಲ್ಲಿ ಕೆಲಸ ಮಾಡುತ್ತದೆ. ಆರು ಗ್ರಾಹಕಗಳಿಗೆ ಆರು, ಆರು ದೀಪಗಳಿಗೆ ಆರು, ಬಜರಿಗೆ ಒಂದು, ಕೂರಿಗೆ ಎತ್ತಿರುವುದನ್ನು ತಿಳಿಸುವ ಸ್ವಿಚ್ಚಿಗೆ ಒಂದು, ಹೀಗೆ 14 ಪಿನ್ನುಗಳು ಬೇಕಾಗುತ್ತವೆ. ಹಲಗೆಯಲ್ಲಿ ಇಷ್ಟು ಪಿನ್ನುಗಳಿವೆ.

ಪಿನ್ನಿನಿಂದ ದೀಪವನ್ನು ನೇರವಾಗಿ ಏಕೆ ಬೆಳಗಿಸಬಾರದು?

ಈ ನಿಯಂತ್ರಕದ ಒಂದು ಪಿನ್ನಿನಿಂದ ನಿಶ್ಚಿಂತೆಯಾಗಿ ತೆಗೆದುಕೊಳ್ಳಬಹುದಾದ ಕರೆಂಟು ಸುಮಾರು 20 ಮಿಲಿಆಂಪಿಯರ್. 40 ಮಿಲಿಆಂಪಿಯರ್ ಮೀರಿದರೆ ಪಿನ್ನು ಸುಡುವ ಸಂಭವವಿದೆ. ಎಲ್ಲ ಪಿನ್ನುಗಳೂ ಸೇರಿ 200 ಮಿಲಿಆಂಪಿಯರ್ ಮೀರಬಾರದು. ಟ್ರ್ಯಾಕ್ಟರಿನಲ್ಲಿ ಬಳಸುವ 12 ವೋಲ್ಟ್, 5 ವಾಟಿನ ಒಂದು ಸಣ್ಣ ಬಲ್ಬು 5ನ್ನು 12ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 420 ಮಿಲಿಆಂಪಿಯರ್ ಎಳೆಯುತ್ತದೆ. ಇದು ಪಿನ್ನಿನ ಶಕ್ತಿಯ 21 ಪಟ್ಟು. ತಂತಿಯ ಬಲ್ಬು ತಣ್ಣಗಿರುವಾಗ ಅದರ ರೋಧ ಬಹಳ ಕಡಮೆ. ಹಚ್ಚಿದ ಕ್ಷಣದಲ್ಲಿ ಇದರ ಹಲವು ಪಟ್ಟು ಕರೆಂಟು ಹರಿಯುತ್ತದೆ.

12 ವೋಲ್ಟಿನ ಎಲ್‌ಇಡಿ ದೀಪ ಕೇವಲ 20 ಮಿಲಿಆಂಪಿಯರ್ ಎಳೆಯುತ್ತದೆ, ಅದನ್ನು ನೇರವಾಗಿ ಜೋಡಿಸಬಹುದಲ್ಲ ಎಂದು ಕೆಲವರಿಗೆ ಅನಿಸಬಹುದು. ಇದೂ ತಪ್ಪು. ದೀಪದ ಒಂದು ತುದಿಯನ್ನು ಬ್ಯಾಟರಿಯ ಪ್ಲಸ್ಸಿಗೂ ಇನ್ನೊಂದನ್ನು ಪಿನ್ನಿಗೂ ಕೊಟ್ಟರೆ, 5 ವೋಲ್ಟಿನ ಪಿನ್ನಿನ ಮೇಲೆ 12 ವೋಲ್ಟಿನ ಒತ್ತಡ ಬರುತ್ತದೆ. ಆರಿಸಿದ ದೀಪವೂ ಮಂದವಾಗಿ ಉರಿಯುತ್ತದೆ ಮತ್ತು ಕೆಲವು ದಿನಗಳಲ್ಲಿ ಪಿನ್ನು ಕೆಡಬಹುದು.

ಕೆರೆಯ ತೂಬನ್ನು ಎತ್ತುವವನು ನೀರನ್ನು ತಾನೇ ಹೊತ್ತು ಗದ್ದೆಗೆ ಹಾಕುವುದಿಲ್ಲ. ತೂಬು ಎತ್ತಿದರೆ ಕೆರೆಯ ನೀರು ತಾನಾಗಿ ಹರಿಯುತ್ತದೆ. ನಿಯಂತ್ರಕದ ಪಿನ್ನು ಕೂಡ ತೂಬು ಎತ್ತುವ ಕೈ ಇದ್ದಂತೆ. ದೀಪಕ್ಕೆ ಬೇಕಾದ ಕರೆಂಟು ಬ್ಯಾಟರಿಯಿಂದಲೇ ಬರಬೇಕು. ಪಿನ್ನು ಅದನ್ನು ಬಿಡುವ, ನಿಲ್ಲಿಸುವ ಆಜ್ಞೆಯನ್ನು ಮಾತ್ರ ಕೊಡಬೇಕು. ನಡುವಿನ ತೂಬಿನ ಕೆಲಸವನ್ನು ಟ್ರಾನ್ಸಿಸ್ಟರ್ ಮಾಡುತ್ತದೆ.

ಆರು ದೀಪಗಳಿಗೆ ಒಂದೇ ಚಿಪ್ಪು

ಒಂದೇ ದೀಪವಿದ್ದರೆ ಬಿ.ಸಿ. 547 ಎಂಬ ಟ್ರಾನ್ಸಿಸ್ಟರನ್ನು ಪಿನ್ನಿಗೆ 1,000 ಓಮ್ ರೆಸಿಸ್ಟರಿನ ಮೂಲಕ ಜೋಡಿಸಿದರೆ ಸಾಕು. ಇದು 100 ಮಿಲಿಆಂಪಿಯರ್ ಮಿತಿಯದಾದುದರಿಂದ ಎಲ್‌ಇಡಿ ದೀಪಕ್ಕೆ ಮಾತ್ರ ತಕ್ಕದ್ದು. ಆರು ದೀಪಗಳಿಗೆ ಆರು ಟ್ರಾನ್ಸಿಸ್ಟರುಗಳನ್ನು ಬೆಸೆಯುವ ಬದಲು ಯುಎಲ್‌ಎನ್ 2003 ಎ ಎಂಬ ಚಿಪ್ಪನ್ನು ಬಳಸುವುದು ಸುಲಭ. ಇದರಲ್ಲಿ ಏಳು ಸ್ವಿಚ್ಚುಗಳು ಒಟ್ಟಿಗೆ ಇರುತ್ತವೆ. ಆರು ದೀಪ, ಒಂದು ಬಜರ್, ಲೆಕ್ಕ ಸರಿಹೋಗುತ್ತದೆ. ಬೇಕಾದ ರೆಸಿಸ್ಟರುಗಳು ಅದರೊಳಗೇ ಇರುವುದರಿಂದ 5 ವೋಲ್ಟಿನ ಪಿನ್ನನ್ನು ನೇರವಾಗಿ ಜೋಡಿಸಬಹುದು.

ಜೋಡಣೆಯ ಕ್ರಮ ಹೀಗಿದೆ:

1. ಬ್ಯಾಟರಿಯ ಪ್ಲಸ್ಸಿನಿಂದ ಬರುವ ತಂತಿಗೆ, ಬ್ಯಾಟರಿಯ ಹತ್ತಿರದಲ್ಲಿಯೇ, 1 ಆಂಪಿಯರ್ ಫ್ಯೂಸ್ ಹಾಕಬೇಕು.

2. ಫ್ಯೂಸಿನ ನಂತರ ಒಂದು ತಂತಿ ಎಲ್ಲ ದೀಪಗಳ ಪ್ಲಸ್ ತುದಿಗೆ ಹೋಗಬೇಕು. ಇನ್ನೊಂದು ತಂತಿ 12 ವೋಲ್ಟನ್ನು 5 ವೋಲ್ಟಿಗೆ ಇಳಿಸುವ, ವಾಹನಗಳಲ್ಲಿ ಮೊಬೈಲ್ ಚಾರ್ಜ್ ಮಾಡಲು ಬಳಸುವಂತಹ ಚಾರ್ಜರಿಗೆ ಹೋಗಬೇಕು. ನಿಯಂತ್ರಕಕ್ಕೆ ವಿದ್ಯುತ್ತು ಈ ಚಾರ್ಜರಿನಿಂದ ಬರಲಿ.

3. ಚಿಪ್ಪಿನ 1ರಿಂದ 7ರವರೆಗಿನ ಕಾಲುಗಳಿಗೆ ನಿಯಂತ್ರಕದ ಏಳು ಪಿನ್ನುಗಳನ್ನು ಜೋಡಿಸಬೇಕು. ಎದುರು ಸಾಲಿನ 16ರಿಂದ 10ರವರೆಗಿನ ಕಾಲುಗಳು ಅನುಕ್ರಮವಾಗಿ ಅವುಗಳ ಹೊರದಾರಿಗಳು. 1ಕ್ಕೆ 16, 2ಕ್ಕೆ 15, ಕೊನೆಗೆ 7ಕ್ಕೆ 10. ದೀಪಗಳ ಮೈನಸ್ ತುದಿಗಳು ಇಲ್ಲಿಗೆ ಬರಬೇಕು.

4. 8ನೇ ಕಾಲನ್ನು ಬ್ಯಾಟರಿಯ ಮೈನಸ್ಸಿಗೆ ಜೋಡಿಸಬೇಕು. ನಿಯಂತ್ರಕದ ಮೈನಸ್ ಕೂಡ ಇದೇ ಜಾಗಕ್ಕೆ ಬರಬೇಕು.

5. 9ನೇ ಕಾಲನ್ನು ಫ್ಯೂಸಿನ ನಂತರದ ಪ್ಲಸ್ಸಿಗೆ ಜೋಡಿಸಬೇಕು. ಬಜರಿನಲ್ಲಿ ಸುರುಳಿ ಇದ್ದರೆ ಅದು ಆರುವಾಗ ಹಿಂದಕ್ಕೆ ಒದೆಯುವ ವಿದ್ಯುತ್ತನ್ನು ಚಿಪ್ಪಿನೊಳಗಿನ ಡಯೋಡ್ ಈ ದಾರಿಯಲ್ಲಿ ನಿವಾರಿಸುತ್ತದೆ.

ನಾಲ್ಕನೆಯ ಅಂಶ ಬಹಳ ಮುಖ್ಯ. ನಿಯಂತ್ರಕದ ಮೈನಸ್ಸೂ ಬ್ಯಾಟರಿಯ ಮೈನಸ್ಸೂ ಒಂದಾಗದಿದ್ದರೆ ಪಿನ್ನಿನ ಆಜ್ಞೆ ಚಿಪ್ಪಿಗೆ ತಲುಪುವುದಿಲ್ಲ. ಎಲ್ಲವೂ ಸರಿಯಾಗಿ ಕಂಡರೂ ದೀಪ ಹತ್ತದಿದ್ದರೆ ಮೊದಲು ಇದನ್ನೇ ನೋಡಬೇಕು.

ದೀಪಗಳ ಆಯ್ಕೆ

ಈ ಚಿಪ್ಪಿಗೆ ಎಲ್‌ಇಡಿ ದೀಪಗಳೇ ತಕ್ಕವು. ಇದರ ಒಂದೊಂದು ಸ್ವಿಚ್ಚಿನ ಮೇಲ್ಮಿತಿ 500 ಮಿಲಿಆಂಪಿಯರ್ ಎಂದಿದ್ದರೂ, 5 ವಾಟಿನ ಆರು ಬಲ್ಬುಗಳನ್ನು ಒಟ್ಟಿಗೆ ಹಚ್ಚಿದರೆ ಚಿಪ್ಪು ತಡೆಯಲಾರದಷ್ಟು ಕಾಯುತ್ತದೆ. 12 ವೋಲ್ಟಿನ ಸಿದ್ಧ ಎಲ್‌ಇಡಿ ದೀಪಗಳಲ್ಲಿ ರೆಸಿಸ್ಟರ್ ಒಳಗೇ ಇರುತ್ತದೆ. ಬಿಡಿ ಎಲ್‌ಇಡಿ ತಂದರೆ ಪ್ರತಿಯೊಂದಕ್ಕೂ ರೆಸಿಸ್ಟರ್ ಹಾಕಲೇಬೇಕು. ಎಂಜಿನ್ ನಡೆಯುವಾಗ ಬ್ಯಾಟರಿಯ ತುದಿಗಳಲ್ಲಿ 12 ಅಲ್ಲ, ಸುಮಾರು 14 ವೋಲ್ಟ್ ಇರುತ್ತದೆ. ಅದರಲ್ಲಿ ಎಲ್‌ಇಡಿಗೆ ಸುಮಾರು 2, ಚಿಪ್ಪಿಗೆ ಸುಮಾರು 1 ವೋಲ್ಟ್ ಕಳೆದರೆ 11 ಉಳಿಯುತ್ತದೆ. 820 ಓಮಿನ ರೆಸಿಸ್ಟರ್ ಹಾಕಿದರೆ 13 ಮಿಲಿಆಂಪಿಯರ್ ಹರಿಯುತ್ತದೆ, ಇದು ಸುರಕ್ಷಿತ. ಅರ್ಧ ವಾಟಿನ ರೆಸಿಸ್ಟರ್ ಇದ್ದರೆ ಬಿಸಿಯಾಗುವ ಭಯವಿಲ್ಲ.

ಟ್ರ್ಯಾಕ್ಟರಿನ ಹಳೆಯ ಬಲ್ಬು ಹೋಲ್ಡರುಗಳನ್ನು ಇಲ್ಲಿ ಬಳಸಬಾರದು. ಅವುಗಳ ಲೋಹದ ಮೈಯೇ ಮೈನಸ್ ಆಗಿರುತ್ತದೆ. ಅದು ಟ್ರ್ಯಾಕ್ಟರಿನ ಮೈಗೆ ತಾಗಿದೊಡನೆ ಚಿಪ್ಪಿನ ಅಂಕೆಯಿಲ್ಲದೆ ದೀಪ ಸದಾ ಉರಿಯುತ್ತದೆ. ಎರಡು ತಂತಿ ಬೇರೆಯಾಗಿರುವ, ಮೈ ಪ್ಲಾಸ್ಟಿಕ್ಕಿನ ದೀಪಗಳನ್ನೇ ಆರಿಸಬೇಕು.

21 ವಾಟಿನಂತಹ ದೊಡ್ಡ ದೀಪ ಬೇಕೆನಿಸಿದರೆ ಅದಕ್ಕೆ ಪ್ರತ್ಯೇಕ ರಿಲೇ ಇರಬೇಕು. 5 ವೋಲ್ಟಿನ ಬರಿಯ ರಿಲೇಯ ಸುರುಳಿಯೂ ಸುಮಾರು 70 ಮಿಲಿಆಂಪಿಯರ್ ಎಳೆಯುವುದರಿಂದ ಅದನ್ನೂ ಪಿನ್ನಿಗೆ ನೇರವಾಗಿ ಕೊಡುವಂತಿಲ್ಲ. ಟ್ರಾನ್ಸಿಸ್ಟರೂ ಡಯೋಡೂ ಇರುವ ಸಿದ್ಧ ರಿಲೇ ಹಲಗೆಯನ್ನೇ ತರಬೇಕು. ಅದರ ಫ್ಯೂಸನ್ನೂ ಬೇರೆಯಾಗಿಯೇ ಇಡಬೇಕು.

ದೀಪ ಏನನ್ನು ಹೇಳಬೇಕು?

ಕೆಂಪು ದೀಪ ಹತ್ತಿದರೆ ತೊಂದರೆ, ಹತ್ತದಿದ್ದರೆ ಕ್ಷೇಮ ಎಂಬ ಏರ್ಪಾಡು ಮೊದಲಿಗೆ ಸರಳವೆನಿಸುತ್ತದೆ. ಆದರೆ ಅದರಲ್ಲಿ ಒಂದು ದೊಡ್ಡ ದೋಷವಿದೆ. ದೀಪ ಸುಟ್ಟಿದ್ದರೂ, ತಂತಿ ಕಡಿದಿದ್ದರೂ, ಫ್ಯೂಸ್ ಹೋಗಿದ್ದರೂ ಅದು ಹತ್ತುವುದಿಲ್ಲ. ಚಾಲಕನಿಗೆ ಎಲ್ಲವೂ ಕ್ಷೇಮವಾಗಿ ಕಾಣುತ್ತದೆ. ಸಾಲು ಖಾಲಿ ಹೋಗಿರುವುದು ಮೊಳಕೆ ಬಂದ ದಿನ ಗೊತ್ತಾಗುತ್ತದೆ. ಸುಳ್ಳು ಹೇಳುವ ದೀಪಕ್ಕಿಂತ ದೀಪವಿಲ್ಲದಿರುವುದೇ ಲೇಸು. ದೀಪವಿಲ್ಲದಿದ್ದರೆ ಚಾಲಕ ಆಗಾಗ ಇಳಿದಾದರೂ ನೋಡುತ್ತಾನೆ.

ಬೀಜ ಬೀಳುತ್ತಿರುವಾಗ ಹಸಿರು ದೀಪ ಹತ್ತುವಂತೆ ಮಾಡಿದರೆ ಈ ದೋಷದ ಬಹುಭಾಗ ನಿವಾರಣೆಯಾಗುತ್ತದೆ. ದೀಪ ಕೆಟ್ಟರೂ ತಾಳು ಕಟ್ಟಿದರೂ ಕತ್ತಲೆಯೇ. ಚಾಲಕ ಎರಡು ಸಂದರ್ಭಗಳಲ್ಲಿಯೂ ನಿಲ್ಲಿಸಿ ನೋಡುತ್ತಾನೆ. ಇನ್ನೊಂದು ಕೊರತೆ ಉಳಿಯುತ್ತದೆ. ನಿಯಂತ್ರಕವೇ ನಿಂತುಹೋದರೆ ಹತ್ತಿದ ದೀಪ ಹತ್ತಿದಂತೆಯೇ ಇರಬಹುದು. ಆದುದರಿಂದ ಬೀಜ ಬೀಳುತ್ತಿರುವವರೆಗೆ ದೀಪ ಸೆಕೆಂಡಿಗೆ ಎರಡು ಸಲ ಮಿಣುಕುವಂತೆ ಮಾಡುವುದು ಎಲ್ಲಕ್ಕಿಂತ ಉತ್ತಮ. ಮಿಣುಕುವ ದೀಪವೆಂದರೆ ಕ್ಷೇಮ. ಕತ್ತಲೆಯಾದ ದೀಪ, ಮಿಣುಕದೆ ಉರಿಯುವ ದೀಪ, ಎರಡೂ ತೊಂದರೆಯೇ.

ನಿಯಂತ್ರಕಕ್ಕೆ ಕೊಡಬೇಕಾದ ಸೂಚನೆಗಳು

ಮೇಲಿನ ಅಂತರ ಮತ್ತು ವೇಗದಲ್ಲಿ ಪ್ರತಿ ಕೊಳವೆಯಲ್ಲಿ ಸೆಕೆಂಡಿಗೆ ಸುಮಾರು 11 ಕಾಳು ಬೀಳುತ್ತದೆ. ಒಂದು ಸೆಕೆಂಡಿನಲ್ಲಿ ಒಂದು ಕಾಳೂ ಕಾಣದಿದ್ದರೆ ಆ ಸಾಲಿನ ದೀಪವನ್ನು ಆರಿಸಿ ಬಜರ್ ಕೂಗಿಸಬೇಕು.

ಬೆಳಕು ತಡೆಯಲ್ಪಟ್ಟಿದೆಯೇ ಎಂದು ನೋಡಿದರೆ ಸಾಲದು, ಅದು ಬದಲಾಗುತ್ತಿದೆಯೇ ಎಂದು ನೋಡಬೇಕು. ತಾಳಿನ ಬಾಯಿ ಕಟ್ಟಿದಾಗ ಕಾಳು ಕೊಳವೆಯಲ್ಲಿ ಮೇಲಕ್ಕೆ ತುಂಬುತ್ತದೆ. ಆಗ ಗ್ರಾಹಕದ ಮುಂದೆ ಕಾಳು ಇರುತ್ತದೆ, ಆದರೆ ಚಲಿಸುವುದಿಲ್ಲ. ಏರಿಳಿತಗಳನ್ನು ಎಣಿಸುವ ಉಪಕರಣ ಮಾತ್ರ ಇದನ್ನು ಹಿಡಿಯುತ್ತದೆ.

ಇದೇ ಕಾರಣಕ್ಕೆ ಗ್ರಾಹಕವನ್ನು ಕೊಳವೆಯ ಮೇಲ್ತುದಿಯಲ್ಲಿ ಇಡಬಾರದು. 2.5 ಸೆಂ.ಮೀ. ಒಳವ್ಯಾಸ, 60 ಸೆಂ.ಮೀ. ಉದ್ದದ ಕೊಳವೆ ತುಂಬಲು ಕಾಲು ಕಿಲೋಗ್ರಾಮಿಗೆ ಸ್ವಲ್ಪ ಕಡಮೆ ಕಡಲೆ ಹಿಡಿಯುತ್ತದೆ. 100 ಕಾಳಿಗೆ 20 ಗ್ರಾಂ ತೂಗುವ ಬೀಜವಾದರೆ ಅದು ತುಂಬಲು ಒಂದೂವರೆ ನಿಮಿಷಕ್ಕೂ ಹೆಚ್ಚು ಬೇಕು. ಅಷ್ಟರಲ್ಲಿ ಟ್ರ್ಯಾಕ್ಟರ್ 100 ಮೀಟರ್ ದಾಟಿರುತ್ತದೆ, ದೀಪ ಮಾತ್ರ ಮಿಣುಕುತ್ತಲೇ ಇರುತ್ತದೆ. ಮಣ್ಣು ಸಿಡಿಯದಷ್ಟು ಎತ್ತರದಲ್ಲಿ, ಆದರೆ ತಾಳಿಗೆ ಸಾಧ್ಯವಾದಷ್ಟು ಹತ್ತಿರದಲ್ಲಿ ಗ್ರಾಹಕವನ್ನು ಕೂಡಿಸಬೇಕು.

ಬದುವಿನ ಬಳಿ ತಿರುಗುವಾಗ ಕೂರಿಗೆಯನ್ನು ಎತ್ತಿದರೆ ಆರು ಸಾಲುಗಳಲ್ಲಿಯೂ ಬೀಜ ನಿಲ್ಲುತ್ತದೆ. ಪ್ರತಿ ತಿರುವಿನಲ್ಲಿ ಬಜರ್ ಕೂಗಿದರೆ ಬೇಸತ್ತ ಚಾಲಕ ಅದರ ತಂತಿಯನ್ನೇ ಕಿತ್ತುಬಿಡುತ್ತಾನೆ. ಕೂರಿಗೆ ಎತ್ತಿದಾಗ ಒತ್ತಿಕೊಳ್ಳುವ ಒಂದು ಸ್ವಿಚ್ಚನ್ನು ಜೋಡಿಸಿ, ಆಗ ಬಜರ್ ಮೌನವಾಗಿರುವಂತೆ ಮಾಡಬೇಕು. ಇಳಿಸಿದ ಎರಡು ಸೆಕೆಂಡುಗಳ ನಂತರ ಎಣಿಕೆ ಮತ್ತೆ ಪ್ರಾರಂಭವಾಗಲಿ. ಆರು ಸಾಲೂ ಒಟ್ಟಿಗೆ ನಿಂತಿವೆ, ಆದುದರಿಂದ ಕೂರಿಗೆ ಎತ್ತಿರಬೇಕು ಎಂದು ನಿಯಂತ್ರಕ ಊಹಿಸುವಂತೆ ಮಾಡಬಾರದು. ಬೀಜದ ಪೆಟ್ಟಿಗೆ ಬರಿದಾದಾಗಲೂ, ಬೀಜ ಬಿಡಿಸುವ ಚಕ್ರ ತಿರುಗದೆ ಜಾರಿದಾಗಲೂ ಆರೂ ಸಾಲು ಒಟ್ಟಿಗೇ ನಿಲ್ಲುತ್ತವೆ.

ಬಿತ್ತನೆಗೆ ಮುಂಚಿನ ಪರೀಕ್ಷೆ

ಚಾವಿ ತಿರುಗಿಸಿದೊಡನೆ ಎಲ್ಲ ದೀಪಗಳು ಎರಡು ಸೆಕೆಂಡು ಹತ್ತಿ, ಬಜರ್ ಒಮ್ಮೆ ಕೂಗಿ, ಎರಡು ಸೆಕೆಂಡು ಆರಬೇಕು. ಇದರಿಂದ ಸುಟ್ಟ ದೀಪ, ಕಡಿದ ತಂತಿ ಮನೆಯ ಅಂಗಳದಲ್ಲಿಯೇ ಗೊತ್ತಾಗುತ್ತದೆ.

ಬೀಜದ ಪ್ರಮಾಣ ಸರಿಪಡಿಸಲು ಕೂರಿಗೆಯ ಚಕ್ರವನ್ನು ಕೈಯಿಂದ ತಿರುಗಿಸಿ ಚೀಲದಲ್ಲಿ ಬೀಜ ಹಿಡಿಯುವ ಪದ್ಧತಿ ಇದ್ದೇ ಇದೆ. ದೀಪಗಳ ಪರೀಕ್ಷೆಯನ್ನೂ ಆಗಲೇ ಮಾಡಬೇಕು. ಚಕ್ರ ತಿರುಗುವಾಗ ಆರೂ ದೀಪ ಮಿಣುಕಬೇಕು. ನಂತರ ಒಂದೊಂದೇ ಕೊಳವೆಗೆ ಮೇಲಿನಿಂದ ಬಟ್ಟೆ ತುರುಕಿ, ಅದೇ ಸಾಲಿನ ದೀಪ ಆರುತ್ತದೆಯೇ ನೋಡಬೇಕು. ಮೂರನೇ ಸಾಲು ಕಟ್ಟಿದಾಗ ನಾಲ್ಕನೇ ದೀಪ ಆರಿದರೆ ತಂತಿಗಳು ಅದಲುಬದಲಾಗಿವೆ ಎಂದರ್ಥ. ಪರೀಕ್ಷೆ ಮುಗಿದ ಮೇಲೆ ಬಟ್ಟೆಗಳನ್ನು ಎಣಿಸಿ ಹೊರತೆಗೆಯಬೇಕು. ಎಂಜಿನ್ ನಿಲ್ಲಿಸಿ, ಎತ್ತಿದ ಕೂರಿಗೆಯ ಕೆಳಗೆ ಗಟ್ಟಿಯಾದ ದಿಮ್ಮಿ ಕೊಟ್ಟ ನಂತರವೇ ಈ ಕೆಲಸಕ್ಕೆ ಕೈ ಹಾಕಬೇಕು.

ದೋಷಗಳು ಮತ್ತು ಪರಿಹಾರ

ಯಾವ ದೀಪವೂ ಹತ್ತುವುದಿಲ್ಲ: ಫ್ಯೂಸ್ ನೋಡಬೇಕು, ಅನಂತರ ಎರಡು ಮೈನಸ್ಸುಗಳು ಸೇರಿವೆಯೇ ನೋಡಬೇಕು.

ಒಂದು ದೀಪ ಮಾತ್ರ ಹತ್ತುವುದಿಲ್ಲ: ಆ ದೀಪವನ್ನು ಪಕ್ಕದ ದೀಪದ ಜಾಗಕ್ಕೆ ಹಾಕಿ ನೋಡಬೇಕು. ಅಲ್ಲಿ ಹತ್ತಿದರೆ ದೋಷ ತಂತಿಯಲ್ಲಿ ಅಥವಾ ಚಿಪ್ಪಿನಲ್ಲಿದೆ. ಅಲ್ಲಿಯೂ ಹತ್ತದಿದ್ದರೆ ಪ್ಲಸ್ ಮೈನಸ್ ತಿರುಗಿರಬಹುದು ಅಥವಾ ದೀಪ ಸುಟ್ಟಿರಬಹುದು.

ದೀಪ ಸದಾ ಉರಿಯುತ್ತದೆ: ದೀಪದ ಮೈನಸ್ ತಂತಿ ಎಲ್ಲಿಯೋ ಟ್ರ್ಯಾಕ್ಟರಿನ ಮೈಗೆ ತಾಗಿದೆ. ತಂತಿ ಉಜ್ಜಿ ಸವೆದ ಜಾಗ ಹುಡುಕಬೇಕು.

ಬೀಜ ಬೀಳುತ್ತಿದ್ದರೂ ದೀಪ ಕತ್ತಲೆ: ಗ್ರಾಹಕದ ಮೇಲೆ ಧೂಳು ಅಥವಾ ಬೀಜೋಪಚಾರದ ಪುಡಿ ಕುಳಿತಿದೆ. ದಿನಕ್ಕೆ ಎರಡು ಸಲ ಮೆತ್ತನೆಯ ಒಣ ಬಟ್ಟೆಯಿಂದ ಒರೆಸಬೇಕು. ನೇರ ಬಿಸಿಲು ಬೀಳದಂತೆ ಕಪ್ಪು ರಬ್ಬರಿನಿಂದ ಮುಚ್ಚಬೇಕು.

ಎಂಜಿನ್ ಪ್ರಾರಂಭಿಸುವಾಗ ಉಪಕರಣ ತಡವರಿಸುತ್ತದೆ: ಆ ಕ್ಷಣದಲ್ಲಿ ಬ್ಯಾಟರಿಯ ಒತ್ತಡ ಕುಸಿಯುವುದೇ ಕಾರಣ. ಎಂಜಿನ್ ಪ್ರಾರಂಭವಾದ ಮೇಲೆ ಉಪಕರಣಕ್ಕೆ ವಿದ್ಯುತ್ ಕೊಡಬೇಕು.

ಎಚ್ಚರಿಕೆ

ಇಲ್ಲಿ ಹೇಳಿದ ಜೋಡಣೆ 12 ವೋಲ್ಟಿನ ಬ್ಯಾಟರಿಗೆ ಮಾತ್ರ. ಪಂಪ್‌ಸೆಟ್ಟಿನ ಫಲಕದಲ್ಲಿರುವ ದೀಪಗಳು 230 ವೋಲ್ಟ್ ಅಥವಾ ಅದಕ್ಕಿಂತ ಹೆಚ್ಚಿನವು. ಅಲ್ಲಿ ಈ ಚಿಪ್ಪನ್ನು ಬಳಸಿದರೆ ಉಪಕರಣ ಸುಡುವುದಲ್ಲದೆ ಪ್ರಾಣಾಪಾಯವೂ ಆಗಬಹುದು. ಅಂತಹ ಕೆಲಸವನ್ನು ಪರವಾನಗಿ ಹೊಂದಿದ ವೈರ್‌ಮನ್‌ಗೇ ಬಿಡಬೇಕು.

ದೀಪ ಮಿಣುಕಿದರೆ ಬೀಜ ಕೊಳವೆಯಲ್ಲಿ ಇಳಿಯುತ್ತಿದೆ ಎಂದಷ್ಟೇ ಅರ್ಥ. ಅದು ಸರಿಯಾದ ಆಳಕ್ಕೆ, ಹಸಿಮಣ್ಣಿಗೆ ಬಿತ್ತೇ, ಮೇಲೆ ಮಣ್ಣು ಮುಚ್ಚಿತೇ ಎಂಬುದನ್ನು ದೀಪ ತಿಳಿಸಲಾರದು. ಪ್ರತಿ ಹೊಲದ ಮೊದಲ ಸಾಲಿನಲ್ಲಿ ಇಳಿದು, ಎರಡು ಮೂರು ಕಡೆ ಮಣ್ಣು ಕೆದರಿ ಕಾಳನ್ನು ಕಣ್ಣಿನಿಂದ ನೋಡುವ ರೂಢಿಯನ್ನು ಯಾವ ಉಪಕರಣವಿದ್ದರೂ ಬಿಡಬಾರದು.

ಈ ಕೆಲಸಕ್ಕೆ ತಕ್ಕ ಕಾಲ ಬೇಸಿಗೆ. ಬೆಸೆಯುವುದು, ಜೋಡಿಸುವುದು, ಪರೀಕ್ಷಿಸುವುದು ಎಲ್ಲವನ್ನೂ ಮಳೆಗಾಲಕ್ಕೆ ಮುಂಚೆ ಮುಗಿಸಿ, ಮುಂಗಾರಿನ ಒಂದು ಸಣ್ಣ ತುಂಡಿನಲ್ಲಿ ಓಡಿಸಿ ನೋಡಿದರೆ, ಹಿಂಗಾರಿನ ಹದ ಬಂದ ದಿನ ಚಾಲಕ ದೀಪಗಳನ್ನು ನಂಬಿ ಬಿತ್ತನೆಗೆ ತೊಡಗಬಹುದು.